ಸ್ಟಾಶಾ ಪ್ರುಸಾಕ್ ಕೇಳಿದ ಉಂಗುರ

ಪ್ಯಾಂಟಿನ ಮಂಡಿ ನೋಡಿದರೆ ಸಾಕು, ಅದು ಯಾವ ಆಟಗಾರನದೆಂದು ಸ್ಟಾಶಾ ಪ್ರುಸಾಕ್ ಹೇಳಿಬಿಡುತ್ತಿದ್ದಳು. ಅಮೆರಿಕದ ಎರೀ ಸರೋವರದ ದಡದಲ್ಲಿರುವ ನಮ್ಮೂರಿನ ಬೇಸ್‌ಬಾಲ್ ತಂಡ ಫೆರಿಮೆನ್‌ಗೆ ಹತ್ತೊಂಬತ್ತು ವರ್ಷ ಬಟ್ಟೆ ಒಗೆದವಳು ಅವಳು. ಹುಲ್ಲಿನ ಹಸಿರು, ಕೆಂಪು ಜೇಡಿಮಣ್ಣು, ಜಗಿದು ಉಗುಳಿದ ತಂಬಾಕು, ಯಾವ ಕಲೆಯನ್ನೂ ಹಳದಿ ಸೋಪು, ಗಡಸು ಬ್ರಷ್ಷು ಹಿಡಿದು ಬಿಡಿಸುತ್ತಿದ್ದಳು. ನಾನು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವನು. ಆ ಸುಣ್ಣ ಪ್ಯಾಂಟಿಗೆ ಹತ್ತಿದ ದಿನ ಅವಳ ಬೈಗುಳ ನನಗೆ ತಪ್ಪುತ್ತಿರಲಿಲ್ಲ.

೧೯೭೬ರಲ್ಲಿ ನಮ್ಮ ತಂಡ ಚಾಂಪಿಯನ್ ಆಯಿತು. ಮರುವರ್ಷ ಋತುವಿನ ಮೊದಲ ಪಂದ್ಯದ ದಿನ ಎಲ್ಲರಿಗೂ ಉಂಗುರ ಹಂಚಿದರು. ಆಟಗಾರರಿಗೆ, ತರಬೇತುದಾರರಿಗೆ, ಬಸ್ಸಿನ ಡ್ರೈವರ್‌ಗೆ, ಕೊನೆಗೆ ನನಗೂ. ನೀಲಿ ಕಲ್ಲು ಕೂರಿಸಿದ ದಪ್ಪ ಉಂಗುರ, ಒಳಗೆ ಅವರವರ ಹೆಸರು. ತಂಡದಲ್ಲಿದ್ದ ಇಬ್ಬರು ಹೆಂಗಸರಿಗೆ ಮಾತ್ರ, ಅಂದರೆ ಸ್ಟಾಶಾಗೂ ಟಿಕೆಟ್ ಕಿಟಕಿಯ ನಾರ್ಮಾ ಲಿಂಡ್‌ಕ್ವಿಸ್ಟ್‌ಗೂ, ತೆಳ್ಳನೆಯ ಸರದಲ್ಲಿ ಉಗುರಿನಷ್ಟು ಪದಕ ಕೊಟ್ಟರು. ನಾರ್ಮಾ ಥ್ಯಾಂಕ್ಸ್ ಹೇಳಿ ಕತ್ತಿಗೆ ಹಾಕಿಕೊಂಡಳು. ಸ್ಟಾಶಾ ಡಬ್ಬಿ ತೆರೆದು ನೋಡಿ ಮುಚ್ಚಿದಳು.

"ಮಿಸ್ಟರ್ ಟ್ರಿಂಬಲ್, ಇದು ಬೇರೆ ಯಾರ್ದೋ ಇರಬೇಕು" ಎಂದಳು ಮಾಲೀಕರಿಗೆ.

"ನಿನ್ನದೇ ಕಣಮ್ಮ. ಹೆಂಗಸರಿಗೆ ಸರಾನೇ ಚೆಂದ ಅಲ್ವಾ?"

"ನಾನು ಸರ ಹಾಕೋಳಲ್ಲ. ಬಟ್ಟೆ ಹಿಂಡೋ ಯಂತ್ರಕ್ಕೆ ಸಿಕ್ಕೊಂಡ್ರೆ ಕತ್ತೇ ಹೋಗತ್ತೆ."

"ಭಾನುವಾರ ಚರ್ಚಿಗೆ ಹಾಕ್ಕೊಂಡು ಹೋಗು."

"ನಾನೇನು ಬರೀ ಭಾನುವಾರ ಒಗೆದಿದ್ನಾ?"

ಡಬ್ಬಿಯನ್ನು ಅವರ ಕೈಗಿಟ್ಟು ಒಗೆಯುವ ಕೋಣೆಗೆ ಹೋದಳು. ನಾನು ಹಿಂದೆಯೇ ಹೋಗಿ ನನ್ನ ಉಂಗುರ ಬಿಚ್ಚಿ ಮುಂದೆ ಚಾಚಿದೆ.

"ಇದನ್ನ ಇಟ್ಕೋ ಸ್ಟಾಶಾ."

"ಅದ್ರಲ್ಲಿ ನಿನ್ನ ಹೆಸ್ರಿದೆ ಆರಿನ್. ನನಗೆ ನನ್ನ ಹೆಸ್ರಿರೋದು ಬೇಕು" ಎಂದವಳೇ ತೊಟ್ಟಿಗೆ ನೀರು ಬಿಟ್ಟಳು.

ಅಲ್ಲಿಂದ ಪ್ರತಿವರ್ಷ ಮೊದಲ ಪಂದ್ಯದ ದಿನ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕಚೇರಿಯ ಮೆಟ್ಟಿಲು ಹತ್ತಿ ಟ್ರಿಂಬಲ್‌ರನ್ನು ಉಂಗುರ ಕೇಳುವಳು. ಇಳಿದು ಬರುವಾಗ ಆಟಗಾರರು ಬಿಡುತ್ತಿರಲಿಲ್ಲ.

"ಏನ್ ಸ್ಟಾಶಾ, ಉಂಗುರ ಬಂತಾ?"

"ಇಲ್ಲ ಕಣ್ರೋ. ಗಂಡು ಇನ್ನೂ ಒಪ್ಪಿಲ್ಲ."

ಆರನೇ ವರ್ಷ ಟ್ರಿಂಬಲ್ ಬೇಸತ್ತು, ಉಂಗುರದ ಅಚ್ಚನ್ನು ಕಾರ್ಖಾನೆಯವರು ಎಂದೋ ಒಡೆದುಹಾಕಿದ್ದಾರೆ ಎಂದುಬಿಟ್ಟರು. ಸ್ಟಾಶಾ ನಂಬಲಿಲ್ಲ. ಮ್ಯಾಸಚೂಸೆಟ್ಸ್‌ನ ಕಾರ್ಖಾನೆಗೆ ತಾನೇ ಕಾಗದ ಬರೆದಳು. ಅಚ್ಚು ಭದ್ರವಾಗಿದೆ, ಮಾಲೀಕರು ಸಹಿ ಹಾಕಿದರೆ ಮಾಡಿಕೊಡುತ್ತೇವೆ ಎಂದು ಉತ್ತರ ಬಂತು. ಅದನ್ನು ಮೇಜಿನ ಮೇಲಿಟ್ಟಾಗ ಟ್ರಿಂಬಲ್ ಮುಖ ಕೆಂಪಾಯಿತು.

"ನಾನು ಸಹಿ ಹಾಕಬಹುದು. ಆದ್ರೆ ಹುಡುಗ್ರು ಏನಂತಾರೆ? ಅವರು ಆಡಿ ಗೆದ್ದಿದ್ದು."

"ಹಾಗಾದ್ರೆ ಅವರನ್ನೇ ಕೇಳ್ತೀನಿ."

ಗೆದ್ದ ವರ್ಷದ ಇಪ್ಪತ್ತೈದು ಆಟಗಾರರು ಅಷ್ಟರಲ್ಲಿ ದೇಶದ ಮೂಲೆಮೂಲೆಗೆ ಚದುರಿಹೋಗಿದ್ದರು. ಸ್ಟಾಶಾಗೆ ಅವರ ಸೊಂಟದ ಅಳತೆ ಗೊತ್ತಿತ್ತೇ ಹೊರತು ವಿಳಾಸವಲ್ಲ. ಹಳೆಯ ಕ್ರಿಸ್ಮಸ್ ಕಾರ್ಡುಗಳನ್ನು ತೆಗೆದಳು, ಅವರವರ ತಾಯಂದಿರಿಗೆ ಫೋನ್ ಮಾಡಿದಳು, ಮಾಲೀಕರಿಗೆ ತೋರಿಸಲು ಒಂದು ಕಾಗದ ಬರೆದುಕೊಡಿ ಎಂದು ಚಳಿಗಾಲವಿಡೀ ಬರೆದಳು. ಮಾರ್ಚ್ ಹೊತ್ತಿಗೆ ಇಪ್ಪತ್ತೆರಡು ಜನರಿಂದ ಉತ್ತರ ಬಂದಿತ್ತು. ಓಕ್ಲಹೋಮಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ನಮ್ಮ ಹಳೆಯ ಚೆಂಡೆಸೆತಗಾರ ಹೀಗೆ ಬರೆದಿದ್ದ: "ಕೊನೆಯ ವಾರ ಎಡೆಬಿಡದೆ ಮಳೆ. ಆದರೂ ಒಂದು ದಿನವೂ ನಾನು ಒದ್ದೆ ಬಟ್ಟೆ ಹಾಕಲಿಲ್ಲ. ಅವಳಿಗೆ ಉಂಗುರ ಸಿಕ್ಕಿಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಗುತ್ತಿದೆ."

ಸ್ಟಾಶಾ ಕಾಗದದ ಕಟ್ಟನ್ನು ಟ್ರಿಂಬಲ್‌ರ ಮೇಜಿನ ಮೇಲಿಟ್ಟಳು. ಟ್ರಿಂಬಲ್ ನಾಲ್ಕೈದು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಯಾವ ಬೆರಳಿಗೆ?"

"ನಡುಬೆರಳಿಗೆ. ಹೆಸ್ರಿನ ಪಕ್ಕದಲ್ಲಿ 'ಸಿಬ್ಬಂದಿ' ಅಂತ ಬರೆಸ್ಬೇಡಿ. 'ಲಾಂಡ್ರಿ' ಅಂತ ಇರಲಿ."

ಉಂಗುರ ಬಂದ ದಿನವೇ ಹಾಕಿಕೊಂಡು ತೊಟ್ಟಿಗೆ ಕೈಯಿಳಿಸಿದಳು. ಬ್ಲೀಚಿಗೆ ಹೊಳಪು ಹೋಯಿತು, ಕಲ್ಲಿಗೆ ಗೀರು ಬಿತ್ತು. ಅವಳು ತಲೆಕೆಡಿಸಿಕೊಳ್ಳಲಿಲ್ಲ.

ಮುಂದೆ ತಂಡ ಮುಚ್ಚಿಹೋಯಿತು. ಮೈದಾನದಲ್ಲಿ ಅಂಗಡಿಗಳೆದ್ದವು. ೨೦೦೪ರಲ್ಲಿ ಕ್ಲೀವ್‌ಲ್ಯಾಂಡಿನಿಂದ ಡೆಲ್ಬರ್ಟ್ ವಾಸ್ ಎಂಬಾತ ಬಂದ. ಹಳೆಯ ಚಾಂಪಿಯನ್ ಉಂಗುರಗಳನ್ನು ಕೂಡಿಡುವವನು. ನನ್ನದನ್ನು ಹಿಂದಿನ ವರ್ಷವೇ ಅವನಿಗೆ ಮಾರಿದ್ದೆ. ಅವನನ್ನು ಸ್ಟಾಶಾಳ ಅಡುಗೆಮನೆಗೆ ಕರೆದೊಯ್ದವನೂ ನಾನೇ. ಅವಳಿಗೆ ಎಪ್ಪತ್ತೊಂಬತ್ತು. ಗಸಗಸೆ ಕೇಕ್ ಕೊಯ್ದು ಮುಂದಿಟ್ಟಳು. ವಾಸ್ ಭೂತಗನ್ನಡಿ ಹಿಡಿದು ಉಂಗುರ ನೋಡಿ ನಿಟ್ಟುಸಿರಿಟ್ಟ.

"ಅಯ್ಯೋ, ದಿನಾ ಹಾಕ್ಕೋತಿದ್ರಾ?"

"ಉಂಗುರ ಅಲ್ವೇನಪ್ಪಾ? ಮತ್ತೇನು ಮಾಡ್ಬೇಕಿತ್ತು?"

"ಪರವಾಗಿಲ್ಲ. ಫೆರಿಮೆನ್ ಉಂಗುರಗಳಲ್ಲಿ ಹೆಂಗಸಿನ ಹೆಸ್ರಿರೋದು ಇದೊಂದೇ. ಆರಿನ್‌ಗೆ ಕೊಟ್ಟಿದ್ದರ ಮೂರು ಪಟ್ಟು ಕೊಡ್ತೀನಿ."

ನಾನು ಕೇಕಿನ ಕಡೆ ನೋಡಿದೆ. ಸ್ಟಾಶಾ ಮಾತ್ರ ಬೆಲೆಯ ಮಾತಿಗೆ ಕಿವಿಗೊಡಲಿಲ್ಲ.

"ಇದೊಂದೇನಾ?"

"ಇದೊಂದೇ. ಅದಕ್ಕೇ ಅಲ್ವಾ ಇಷ್ಟು ಬೆಲೆ."

"ಹಾಗಾದ್ರೆ ನಾನು ಕೆಲಸ ಅರ್ಧಕ್ಕೇ ಕೈಬಿಟ್ಟಿದ್ದೀನಿ" ಎಂದಳು. "ನಾರ್ಮಾಗೂ ಒಂದು ಆಗ್ಬೇಕಿತ್ತು. ಆ ಅಚ್ಚು ಈಗ ಯಾರ ಹತ್ರ ಇದೆ? ನಿನಗೆ ಗೊತ್ತಿರ್ಬೇಕಲ್ಲ."

"ಇನ್ನೊಂದು ಮಾಡಿಸಿದ್ರೆ ನಿಮ್ಮದರ ಬೆಲೆ ಬಿದ್ದುಹೋಗತ್ತೆ!"

"ಬೀಳ್ಲಿ. ನಾನು ಮಾರಲ್ಲ. ವಿಳಾಸ ಬರ್ಕೊಡು."

ವಾಸ್ ಗೊಣಗುತ್ತಲೇ ಬರೆದುಕೊಟ್ಟ. ಟ್ರಿಂಬಲ್ ತೀರಿಕೊಂಡಿದ್ದರು. ಸಹಿ ಹಾಕಲು ಉಳಿದವಳು ಫ್ಲಾರಿಡಾದಲ್ಲಿದ್ದ ಅವರ ಮಗಳು. ಸ್ಟಾಶಾ ಬರೆದ ಮೊದಲ ನಾಲ್ಕು ಕಾಗದಕ್ಕೆ ಆಕೆ ಉತ್ತರಿಸಲಿಲ್ಲ, ಐದನೆಯದಕ್ಕೆ ಸಹಿ ಹಾಕಿ ಕಳಿಸಿದಳು.

ಎರಡು ವರ್ಷದ ಮೇಲೆ ಉಂಗುರ ಹಿಡಿದು ನಾವಿಬ್ಬರೂ ವೃದ್ಧಾಶ್ರಮಕ್ಕೆ ಹೋದೆವು. ನಾರ್ಮಾ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕುಳಿತಿದ್ದಳು. ಡಬ್ಬಿ ನೋಡಿ ಗಾಬರಿಯಾದಳು.

"ನಾನು ಕೇಳಿರಲಿಲ್ಲವಲ್ಲೇ ಸ್ಟಾಶಾ."

"ಕೇಳ್ದೇ ಇದ್ದಿದ್ದೇ ನಿನ್ನ ತಪ್ಪು. ಕೈ ಕೊಡಿಲ್ಲಿ."

ಬೆರಳು ಸಣ್ಣಗಾಗಿ ಉಂಗುರ ಜಾರುತ್ತಿತ್ತು. ಸ್ಟಾಶಾ ನರ್ಸಿನ ಹತ್ತಿರ ದಾರ ಕೇಳಿ ತಂದು, ಉಂಗುರದ ಹಿಂಭಾಗಕ್ಕೆ ಬಿಗಿಯಾಗಿ ಸುತ್ತಿ ತೊಡಿಸಿದಳು. ಊಟದ ಗಂಟೆ ಹೊಡೆಯಿತು. ನಾರ್ಮಾ ಆ ಕೈಯನ್ನು ಕಂಬಳಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಳು. ನಾನು ಅವಳ ಗಾಲಿಕುರ್ಚಿ ತಳ್ಳಿಕೊಂಡು ಊಟದ ಕೋಣೆಗೆ ನಡೆದೆ.