ಏನ್ ತಿಂದಿ, ಪೂರಾ ಹೇಳು

ಸನತ್‌ನಗರದಲ್ಲಿ ನಮ್ಮ ಓಣಿಯ ಸಣ್ಣ ಸರಕಾರಿ ಆಸ್ಪತ್ರೆಯಾದ ಬಸ್ತಿ ದವಾಖಾನೆಗೆ ಮಕ್ಕಳು ಏದುಸಿರು ಬಿಡುತ್ತ ಬಂದರೆ, ಬೀದರ್ ಕಡೆಯ ಆ ನರ್ಸಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ: "ಇವತ್ತ ಏನ್ ತಿಂದಿ? ಪೂರಾ ಹೇಳು." ಉಸಿರು ಸಾಲದೆ ಮಾತು ಎಲ್ಲಿ ತುಂಡಾಗುತ್ತದೆಂದು ಕಿವಿಗೊಡುತ್ತಿದ್ದರು.

ನನ್ನ ಮಗಳು ಅಂದು "ಉಪ್..." ಎನ್ನುವಷ್ಟರಲ್ಲೇ ನಿಂತಳು. ಉಬ್ಬಸಕ್ಕೆ ಬಾಯೊಳಗೆ ಒತ್ತಿಕೊಳ್ಳುವ ಪಂಪಿನ ಔಷಧಿಯೆಲ್ಲ ಎದೆಗಿಳಿಯದೆ ಅವಳ ನಾಲಿಗೆಗೇ ಅಂಟುತ್ತಿತ್ತು. ನರ್ಸಮ್ಮ ತಾವು ಕುಡಿಯುವ ನೀರಿನ ಬಾಟಲಿ ಬರಿದು ಮಾಡಿ, ತಳಕ್ಕೆ ತೂತು ಕೊರೆದು ಪಂಪು ಸಿಕ್ಕಿಸಿದರು. ಬಾಟಲಿಯ ಬಾಯಿಯನ್ನು ಮಗಳ ತುಟಿಗಿಟ್ಟು ಪಂಪು ಒತ್ತಿದರು. "ಅವಸರ ಇಲ್ಲವ್ವ, ಸಾವಕಾಶ ಎಳಕೋ."

ಎದೆಯ ಸುಂಯ್‌ಗುಟ್ಟುವ ಸದ್ದು ಮೆಲ್ಲಗೆ ಇಳಿಯಿತು. ಮತ್ತೆ ಅದೇ ಪ್ರಶ್ನೆ.

"ಉಪ್ಪಿಟ್ಟು ತಿಂದೀನ್ರಿ, ಅವ್ವ ಉಪ್ಪ ಹಾಕೋದ ಮರ್ತಿದ್ಳು!"

ನರ್ಸಮ್ಮ ನನ್ನತ್ತ ತಿರುಗಿ ನಕ್ಕರು. "ನಿಮ್ಮ ಮ್ಯಾಲೆ ದೂರು ಹೇಳೂವಷ್ಟು ಉಸಿರು ಬಂತು ನೋಡ್ರಿ. ಇನ್ನೊಂದ್ ತಾಸು ಕೂತು, ಮನಿಗೆ ಹೋಗ್ರಿ."