ಜಗಳೂರು ಬಸ್ಸಿನ ಕಂಪೈಲರ್

ಆ ದಿನ ಕಂಪ್ಯೂಟರಿನ ಪ್ಲಗ್ ಕಿತ್ತದ್ದು ಅಕ್ಕ, ಅಥವಾ ನಾನೇ ಇರಬಹುದು. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅಕ್ಕ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನನ್ನ ಜೊತೆ ಕೂತು ಬಸ್ಸಿನ ವಿಡಿಯೋ ಗೇಮಿಗೆ ನಮ್ಮ ಕಡೆಯ ಬಸ್ಸುಗಳನ್ನು ಸೇರಿಸುವ ‘ಮಾಡ್’ ಕಟ್ಟುತ್ತಿದ್ದರು. ನಾವು ಬರೆದ ಕೋಡನ್ನು ಆಟಕ್ಕೆ ಒಗ್ಗಿಸುವ ಹಳೆಯ ಕಂಪೈಲರ್ ಕನ್ನಡದ ಹೆಸರನ್ನು ಮೂರೇ ಅಕ್ಷರಕ್ಕೆ ಕತ್ತರಿಸಿ, ಕೊನೆಯ ಅಕ್ಷರದ ಕೊಂಬನ್ನೂ ಉದುರಿಸುತ್ತಿತ್ತು. ಬಸ್ಸಿನ ‘ಜಗಳೂರು’ ಬೋರ್ಡಿನಲ್ಲಿ ‘ಜಗಳ’ ಎಂದಷ್ಟೇ ಉಳಿಯಿತು.

“ನೋಡು ತಮ್ಮಾ, ನಮ್ಮ ಬಸ್ಸು ಜಗಳಕ್ಕೆ ಹೊಂಟೈತೆ,” ಎಂದು ನಕ್ಕರು.

ನಾನು ಎಲ್ಲಿಂದಲೋ ಹೊಸ ಕಂಪೈಲರ್ ಇಳಿಸಿದೆ. ಆ್ಯಂಟಿವೈರಸ್ ಕೆಂಪಗೆ ಎಚ್ಚರಿಸಿತು. ಏನೇ ಹೊಸದು ಬಂದರೂ ಕೇಳುವಂತೆ ಅಕ್ಕ ಕೇಳಿದರು, “ಯಾರ್ ಮಾಡಿದ್ದು ಇದು?”

“ಸುಮ್ನೆ ಹೆದರಿಸ್ತೈತೆ ಅಕ್ಕ, ಒತ್ರಿ.”

ಒತ್ತಿದರು. ಬೋರ್ಡಿನಲ್ಲಿ ಹೆಸರು ಪೂರ್ತಿ ಮೂಡಿತು. ಮರುಕ್ಷಣ ಪರದೆ ಕಪ್ಪಾಗಿ ಕಂಪ್ಯೂಟರಿನ ಫ್ಯಾನು ಭೋರೆಂದಿತು, ನಮ್ಮಿಬ್ಬರಲ್ಲಿ ಒಬ್ಬರು ಪ್ಲಗ್ ಕಿತ್ತರು.

“ಜೆರಾಕ್ಸಿಗೆ ಕೊಟ್ಟ ಊರ್ ಮಂದಿ ಆಧಾರ್ ಕಾರ್ಡೆಲ್ಲ ಇದ್ರಾಗೈತಲ್ಲೋ!” ಎಂದರು ಅಕ್ಕ.

ಅಂದಿನಿಂದ ಅಂಗಡಿಯಲ್ಲಿ ಯಾರ ಫೋನಿಗೆ ಒಟಿಪಿ ಬಂದರೂ ಅಕ್ಕ, “ನೀವೇ ಕೇಳಿದ್ದೇನ್ರೀ ಅದನ್ನ?” ಎಂದು ಎರಡು ಸಲ ವಿಚಾರಿಸುತ್ತಿದ್ದರು. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಕಂಪೈಲರ್ ಯಾರದೋ ಕಾಗದಗಳನ್ನು ಹೊತ್ತೊಯ್ದಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.