ಮೂರು ಸೆಕೆಂಡಿನವನ ಕಾಡು

ಮದುವೆ ವಿಡಿಯೋ ತೆಗೆಯುವ ಅವನಿಗೆ ಊರಿನವರು ಇಟ್ಟ ಹೆಸರು ‘ಮೂರು ಸೆಕೆಂಡು’. ಮದುವೆಗೆ ಬಂದ ಒಬ್ಬೊಬ್ಬ ನೆಂಟನ ಮುಖವೂ ವಿಡಿಯೋದಲ್ಲಿ ಸರಿಯಾಗಿ ಮೂರು ಸೆಕೆಂಡು ನಿಲ್ಲಬೇಕು. ಕಡಿಮೆಯಾದರೆ ಆ ನೆಂಟನ ಜಗಳ, ಹೆಚ್ಚಾದರೆ ಪಕ್ಕದವನ ಜಗಳ. ಇಪ್ಪತ್ತೆರಡು ವರ್ಷದಲ್ಲಿ ಅವನು ಕಲಿತ ವಿದ್ಯೆ ಇಷ್ಟೇ. ಅದನ್ನು ವಿದ್ಯೆ ಎಂದು ಕರೆಯುವ ಧೈರ್ಯವೂ ಊರಲ್ಲಿ ಅವನೊಬ್ಬನಿಗೇ ಇತ್ತು.

ಕಸುಬಿನ ಹುಚ್ಚು ಎಷ್ಟೆಂದರೆ, ತನ್ನ ಮದುವೆಯಲ್ಲೂ ಕರೆಸಿದ್ದ ವಿಡಿಯೋದವನು ಕ್ಯಾಮೆರಾ ಹಿಡಿದ ರೀತಿ ಸರಿಯಿಲ್ಲ ಅಂತ ಕಿತ್ತುಕೊಂಡು ತಾನೇ ತೆಗೆದಿದ್ದ. ಹಾಗಾಗಿ ಅವರ ಮದುವೆಯ ವಿಡಿಯೋದಲ್ಲಿ ಹೆಂಡತಿ ಒಬ್ಬಳೇ ಮದುವೆಯಾಗಿದ್ದಾಳೆ.

ಅಡ್ಡಹೆಸರಿನ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. ಬೇಜಾರು ಬೇರೆಯದೇ. ಅವನು ತೆಗೆದ ಯಾವ ವಿಡಿಯೋವನ್ನೂ ಯಾರೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ತಮ್ಮ ಮುಖ ಬರುವ ತನಕ ಓಡಿಸುತ್ತಾರೆ, ಬಂದರೆ ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ನೋಡುತ್ತಾರೆ, ಆಮೇಲೆ ಟಿವಿ ಆರಿಸುತ್ತಾರೆ. ಸಾಯುವುದರೊಳಗೆ ಒಬ್ಬರಾದರೂ ತನ್ನದೊಂದು ಚಿತ್ರವನ್ನು ಪೂರ್ತಿ ನೋಡಬೇಕು ಅನ್ನುವುದು ಅವನ ಆಸೆ. ಐವತ್ತರ ಹತ್ತಿರದ ಮನುಷ್ಯನಿಗೆ ಇದೇನು ಬೆಟ್ಟದಂಥ ಆಸೆಯಲ್ಲ. ಆದರೂ ಹೆಂಡತಿಯ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಅವನ ಸ್ಟುಡಿಯೋ ಎದುರಿನ ಗೋಡೆಗೆ ಒಂದು ಪೋಸ್ಟರ್ ಬಿತ್ತು. ಕಾಡು ಮತ್ತು ಅದರ ರಕ್ಷಣೆಯ ಬಗ್ಗೆ ಕಿರುಚಿತ್ರೋತ್ಸವ, ಚಿತ್ರ ಹನ್ನೆರಡು ನಿಮಿಷ ಮೀರಬಾರದು. ಊರಾಚೆ ನೀರಿನ ಟ್ಯಾಂಕಿನ ಹಿಂದೆ ಒಂದು ಕಾಡು ಉಳಿದಿತ್ತು. ಕಾಡು ಅಂತ ಕರೆದರೆ ಅದಕ್ಕೇ ಸಂಕೋಚವಾಗಬೇಕು, ಅಷ್ಟು ಚಿಕ್ಕದು. ಹುಲಿಯಿಲ್ಲ, ಆನೆಯಿಲ್ಲ. ಮರಗಳಿದ್ದವು, ಅವನ್ನು ಕಾಯುವ ವಯಸ್ಸಾದ ಒಬ್ಬ ಹೆಂಗಸಿದ್ದಳು. ಉಳಿದವರೆಲ್ಲ ಡ್ರೋನ್ ಹಾರಿಸಿ ಕಾಡನ್ನು ಆಕಾಶದಿಂದ ತೋರಿಸುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅವನ ಹತ್ತಿರವೂ ಡ್ರೋನ್ ಇತ್ತು. ಹೋದ ವರ್ಷ ಅದು ಒಬ್ಬ ವರನ ದೊಡ್ಡಪ್ಪನ ತಲೆಗೆ ಬಡಿಯಿತು. ದೊಡ್ಡಪ್ಪ ಉಳಿದರು, ಡ್ರೋನ್ ಉಳಿಯಲಿಲ್ಲ.

ಏಳು ದಿನ ಶೂಟಿಂಗ್ ನಡೆಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಮೊದಲ ಮರದ ಮುಂದೆ ಕ್ಯಾಮೆರಾ ಹಿಡಿದವನೇ “ಸ್ವಲ್ಪ ಈ ಕಡೆ ನೋಡಿ ಸಾರ್” ಅಂದುಬಿಟ್ಟ. ಅದನ್ನು ತೆಗೆದ ಮೇಲೆ ಪಕ್ಕದ್ದನ್ನು ಬಿಡಲು ಮನಸ್ಸು ಬರಲಿಲ್ಲ. ಪಕ್ಕದ್ದನ್ನು ತೆಗೆದರೆ ಅದರ ಹಿಂದೆ ಇಣುಕುವ ಕುಳ್ಳ ಮರ ಏನಂದುಕೊಂಡೀತು? ಕೊನೆಗೆ ಇನ್ನೂರ ಹನ್ನೊಂದು ಮರ, ತಲಾ ಮೂರು ಸೆಕೆಂಡು, ಒಟ್ಟು ಹತ್ತೂವರೆ ನಿಮಿಷ. ಕಥೆಯಿಲ್ಲ, ಮಾತಿಲ್ಲ. ಕಾವಲಿನ ಹೆಂಗಸು ದೂರದಲ್ಲಿ ಕೂತು ಇವನ ಆಟವನ್ನೆಲ್ಲ ನೋಡಿದಳು.

ಉತ್ಸವ ನಡೆದದ್ದು ಕಾಲೇಜಿನ ಸಭಾಂಗಣದಲ್ಲಿ. ಅವನ ಚಿತ್ರವೇ ಕೊನೆಯದು. ಅಷ್ಟರಲ್ಲಿ ಜನ ಆನೆ ಹಿಂಡು ನೋಡಿ ಬೆರಗಾಗಿದ್ದರು, ಕಾಡ್ಗಿಚ್ಚು ನೋಡಿ ನಿಟ್ಟುಸಿರು ಬಿಟ್ಟಿದ್ದರು. ಇವನ ಮರಗಳು ಒಂದೊಂದಾಗಿ ಬರತೊಡಗಿದವು. ಇಪ್ಪತ್ತನೇ ಮರಕ್ಕೆ ಕುರ್ಚಿಗಳು ಕಿರುಗುಟ್ಟಿದವು. ನಲವತ್ತಕ್ಕೆ ಹೆಂಡತಿಯ ತಲೆ ಅವನ ಭುಜಕ್ಕೆ ಬಿತ್ತು. ಮೆಚ್ಚಿ ಒರಗಿದಳೇನೋ ಅಂತ ಹಿಗ್ಗಿ ನೋಡಿದರೆ ಗೊರಕೆ. ನೂರ ನಲವತ್ತೇಳಕ್ಕೆ ಮಾನವೇ ಹೋಯಿತು. ಮದುವೆ ವಿಡಿಯೋಗಳಿಗೆ ಹಾಕುವ ಕೆಂಪು ಹೃದಯದ ಎಫೆಕ್ಟೊಂದು ಎಡಿಟಿಂಗಿನಲ್ಲಿ ಕೈತಪ್ಪಿ ಅಲ್ಲಿ ಉಳಿದುಕೊಂಡಿತ್ತು. ಅದು ಮಿನುಗುತ್ತಾ ಬಿಚ್ಚಿಕೊಂಡಾಗ ಒಳಗೆ ಸುಟ್ಟು ಕರಕಲಾದ ಒಂದು ಬೊಡ್ಡೆ ನಿಂತಿತ್ತು. ಸಭೆ ಗೊಳ್ಳೆಂದಿತು. ಆಮೇಲೆ ಜನ ಎದ್ದು ಟೀಗೆ ಹೊರಟರು. ತೀರ್ಪುಗಾರರು ಕೂತೇ ಇದ್ದರು, ಕಣ್ಣು ಮಾತ್ರ ಮೊಬೈಲಿನಲ್ಲಿ. ಅವನೂ ತನ್ನ ಚಿತ್ರ ನೋಡಲಿಲ್ಲ, ಹೊರಗೆ ಹೋಗುವವರ ಬೆನ್ನು ಎಣಿಸುತ್ತಿದ್ದ.

ಬಹುಮಾನ ಆನೆಗಳಿಗೆ ಹೋಯಿತು. ಒಬ್ಬ ತೀರ್ಪುಗಾರರು ಬಂದು, “ಆ ಹೃದಯ ಇದೆಯಲ್ಲ, ತುಂಬಾ ಹರಿತವಾದ ವ್ಯಂಗ್ಯ” ಅಂದರು.

“ಬೇಕಂತಲೇ ಹಾಕಿದ್ದು ಸಾರ್” ಅಂದ, ಒಂದಿಷ್ಟೂ ನಾಚದೆ.

ಸಭಾಂಗಣ ಖಾಲಿಯಾದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ಕಾವಲಿನ ಹೆಂಗಸು.

“ಪೂರ್ತಿ ನೋಡಿದೆ ಕಣಪ್ಪ” ಅಂದಳು. “ಎಲ್ಲರೂ ಬಂದಿದ್ದಾರೆ. ಒಬ್ಬರನ್ನ ಬಿಟ್ಟುಬಿಟ್ಟಿದ್ದೀಯ.”

ಇಪ್ಪತ್ತೆರಡು ವರ್ಷದಿಂದ ಪ್ರತಿ ಮದುವೆಯ ನಂತರವೂ ಕೇಳಿದ ದೂರು ಅದು. ಅಷ್ಟೇ ಹಳೆಯ ಸುಳ್ಳು ತಾನಾಗಿಯೇ ಬಾಯಿಗೆ ಬಂತು. “ಅಲ್ಲಿ ಬೆಳಕು ಸರಿ ಇರ್ಲಿಲ್ಲಮ್ಮ.”

“ಬೆಳಕಿನ ಮಾತು ಬಿಡು. ಏಳು ದಿನಾನೂ ನೀನು ಆ ಮರಕ್ಕೇ ಒರಗಿ ಕೂತು ಊಟ ಮಾಡಿದೆ. ಅದರ ಕೊಂಬೆಗೇ ಬ್ಯಾಗ್ ಸಿಗಿಸ್ತಿದ್ದೆ. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ತೆಗೆದೆ.”

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಬೆನ್ನಿಗೆ ಆಸರೆಯಾಗಿದ್ದ ಮರವೂ ಕಂಡಿರಲಿಲ್ಲ. ಅವನಿಗೆ ಪಿಚ್ಚೆನಿಸಿತು. ಅವಳು ಮೊದಲು ಹೇಳಿದ ‘ಪೂರ್ತಿ’ ಅನ್ನುವ ಮಾತು ಒಳಗೆ ಇಳಿದದ್ದು ಆಮೇಲೆ. ಇಳಿದದ್ದೇ ತಡ, ಕಣ್ಣು ತುಂಬಿಬಂತು.

ಹೆಂಡತಿ ಗಡಬಡಿಸಿ ಎದ್ದಳು. “ಏನಾಯ್ತು? ಪ್ರೈಜ್ ಬಂತಾ?”

“ಕಂಪ್ಲೇಂಟ್ ಬಂತು” ಅಂದ, ಮುಖದ ತುಂಬ ನಗುತ್ತಾ. “ಪೂರ್ತಿ ನೋಡಿದವರ ಕಂಪ್ಲೇಂಟು ಕಣೇ!” ಇಷ್ಟು ವರ್ಷ ಮುಚ್ಚಿಟ್ಟ ಆಸೆಯನ್ನು ದಾರಿಯುದ್ದಕ್ಕೂ ಅವಳಿಗೆ ಹೇಳಿಕೊಂಡ. ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡಳು. ನಿದ್ದೆ ಮಾಡಿದ್ದಕ್ಕೆ ಅವಳಿಗೆ ಬೇಜಾರಾಗಿತ್ತು.

ಮರುದಿನ ಬೆಳಿಗ್ಗೆ ಬಿಟ್ಟುಹೋದ ಮರವನ್ನು ತೆಗೆಯಲು ಹೊರಟಾಗ ಅವಳೂ ಜೊತೆಗೆ ಬಂದಳು. ಅವನು ಕ್ಯಾಮೆರಾ ಕಣ್ಣಿಗಿಡುವಷ್ಟರಲ್ಲಿ ಅದನ್ನು ಕೈಯಿಂದ ಕಿತ್ತುಕೊಂಡಳು.

“ಹೋಗಿ, ಆ ಮರಕ್ಕೆ ಒರಗಿ ನಿಂತ್ಕೊಳ್ಳಿ.”

“ನೀನು ಹಿಡಿದಿರೋ ರೀತಿ ಸರಿಯಿಲ್ಲ ಕಣೇ.”

“ಈ ಮಾತು ಕೇಳಿಯೇ ನಾನು ಒಬ್ಬಳೇ ಮದುವೆಯಾಗಿದ್ದು. ಹೋಗಿ.”

ಹೋಗಿ ನಿಂತ. ಸಾವಿರಾರು ಜನರಿಗೆ ಹೇಗೆ ನಿಲ್ಲಬೇಕು ಅಂತ ಹೇಳಿಕೊಟ್ಟವನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮನಸ್ಸಿನಲ್ಲೇ ಎಣಿಸಿದ. ಒಂದು, ಎರಡು, ಮೂರು.

“ಆಯ್ತು, ಮೂರು ಸೆಕೆಂಡು ಆಯ್ತು. ನಿಲ್ಲಿಸು.”

ಅವಳು ಕ್ಯಾಮೆರಾ ಇಳಿಸಲಿಲ್ಲ.

“ಸುಮ್ನೆ ನಿಂತ್ಕೊಳ್ಳಿ” ಅಂದಳು. “ನಾನಿನ್ನೂ ನೋಡಿ ಮುಗಿಸಿಲ್ಲ.”